ಪರದೇಶದ ಮೆಟ್ರೋದಲ್ಲಿ ದಾರಿ ತಪ್ಪದಿರಲು: ಮೊಬೈಲ್ ಮ್ಯಾಪ್ ಬಳಸುವ ಸಮಗ್ರ ಮಾರ್ಗದರ್ಶಿ

ತುಮಕೂರಿನಿಂದ ಮಕ್ಕಳ ಮನೆಗೆಂದು ಲಂಡನ್ನಿಗೋ ಸಿಂಗಾಪುರಕ್ಕೋ ಹೋಗುವವರಲ್ಲಿ ಬಹಳ ಜನ ಒಂದೇ ಕಡೆ ಎಡವುತ್ತಾರೆ. ಮೊಬೈಲಿನಲ್ಲಿ ಮ್ಯಾಪ್ ಇರುತ್ತದೆ, ನೆಟ್ ಇರುತ್ತದೆ, ಜೇಬಿನಲ್ಲಿ ಕಾರ್ಡೂ ಇರುತ್ತದೆ. ಮೆಟ್ಟಿಲಿಳಿದು ನೆಲದ ಕೆಳಗೆ ಹೋದ ಮೇಲೆ, ನಾವಿರುವ ಜಾಗ ತೋರಿಸುವ ಮ್ಯಾಪಿನ ನೀಲಿ ಚುಕ್ಕಿ ಅಲ್ಲಾಡುವುದಿಲ್ಲ. ಎದುರಿಗೆ ನಾಲ್ಕು ದಾರಿ, ಹಿಂದಿನಿಂದ ಜನ ನುಗ್ಗುತ್ತಾರೆ. ಆಗ ಮಗಳಿಗೆ ಫೋನ್ ಮಾಡಿದರೆ ಅವಳು ಆಫೀಸಿನ ಮೀಟಿಂಗಿನಲ್ಲಿ.

ಇದಕ್ಕೆಲ್ಲ ಕಾರಣ, ಮ್ಯಾಪನ್ನು ತಪ್ಪು ಹೊತ್ತಿನಲ್ಲಿ ತೆಗೆಯುವುದು. ಮೊಬೈಲಿನ ಕೆಲಸ ನೆಲದ ಮೇಲೆಯೇ ಮುಗಿದಿರಬೇಕು. ಕೆಳಗಿಳಿದ ಮೇಲೆ ದಾರಿ ತೋರಿಸುವುದು ಗೋಡೆಯ ಬೋರ್ಡು. ಈ ಕ್ರಮ ಹಿಡಿದರೆ ಹೊಸ ಊರಿನಲ್ಲೂ ಒಬ್ಬರೇ ಓಡಾಡಬಹುದು.

ವಿವರಿಸಲು ಒಂದು ದಾರಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಲಂಡನ್ನಿನ ಥೇಮ್ಸ್ ನದಿ ದಡದಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, ಬಸವಣ್ಣನವರ ಪ್ರತಿಮೆ ಇದೆ. 2015ರಲ್ಲಿ ಅನಾವರಣ ಆಯಿತು. ನಮ್ಮ ಕಡೆಯವರು ಹೋದರೆ ನೋಡದೆ ಬರುವುದಿಲ್ಲ. ನೀವು ವೆಂಬ್ಲಿ ಪಾರ್ಕ್ ಹತ್ತಿರ ಉಳಿದಿದ್ದೀರಿ, ಅಲ್ಲಿಂದ ಬಸವಣ್ಣನ ಹತ್ತಿರ ಹೋಗಬೇಕು ಅಂತಿಟ್ಟುಕೊಳ್ಳಿ.

ಹಂತ 1: ಊರು ಬಿಡುವ ಮೊದಲು ಕಾರ್ಡು, ಸಿಮ್ಮು, ಚಾರ್ಜು

ಮೊದಲು ಬ್ಯಾಂಕಿನ ಆ್ಯಪ್ ತೆಗೆಯಿರಿ. 2020ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಆಫ್ ಆಗಿಯೇ ಬರುತ್ತದೆ. ನೀವೇ ಆನ್ ಮಾಡಬೇಕು. ವಿದೇಶಿ ಬಳಕೆಯ ಜೊತೆಗೆ ಕಾಂಟ್ಯಾಕ್ಟ್‌ಲೆಸ್ (ಕಾರ್ಡನ್ನು ಯಂತ್ರಕ್ಕೆ ತಾಗಿಸಿ ದುಡ್ಡು ಕಟ್ಟುವುದು) ಅನ್ನೋ ಸ್ವಿಚ್ಚೂ ಬೇರೆ ಇರುತ್ತದೆ. ಒಂದನ್ನು ಆನ್ ಮಾಡಿ ಇನ್ನೊಂದನ್ನು ಮರೆತರೆ ಮೆಟ್ರೋ ಗೇಟು ತೆರೆಯುವುದಿಲ್ಲ. ಕಾರ್ಡಿನ ಮೇಲೆ ಅಲೆಯಂಥ ನಾಲ್ಕು ಗೆರೆ ಇದೆಯೇ, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಎಂದಿದೆಯೇ ನೋಡಿ. ಯುಪಿಐ ಆ್ಯಪನ್ನು ಲಂಡನ್ ಗೇಟಿಗೆ ತೋರಿಸಿದರೆ ಏನೂ ಆಗುವುದಿಲ್ಲ.

ಗಂಡ ಹೆಂಡತಿ ಇಬ್ಬರೂ ಹೋಗುತ್ತಿದ್ದರೆ ಎರಡು ಕಾರ್ಡು ಬೇಕು. ನಮ್ಮವರು ಇಲ್ಲಿ ಬಹಳ ತಪ್ಪುತ್ತಾರೆ. ಲಂಡನ್ನಿನಲ್ಲೂ ಸಿಂಗಾಪುರದಲ್ಲೂ ಒಬ್ಬರಿಗೆ ಒಂದು ಕಾರ್ಡು. ಒಬ್ಬರು ಒಳಗೆ ಹೋಗಿ ಅದೇ ಕಾರ್ಡನ್ನು ಹಿಂದಕ್ಕೆ ಕೊಟ್ಟರೆ ಲೆಕ್ಕವೆಲ್ಲ ಗೋಜಲಾಗುತ್ತದೆ. ನ್ಯೂಯಾರ್ಕಿನಲ್ಲಿ ಮಾತ್ರ ಒಂದೇ ಕಾರ್ಡಿನಲ್ಲಿ ನಾಲ್ಕು ಜನರ ತನಕ ಹೋಗಬಹುದು.

ನೆಟ್ಟಿಗೆ ರೋಮಿಂಗ್ ಪ್ಯಾಕ್ ಅಥವಾ ಇ-ಸಿಮ್ (ಚಿಪ್ಪಿಲ್ಲದೆ ಫೋನಿನೊಳಗೇ ಕೂರುವ ಸಿಮ್ಮು) ಹಾಕಿಸಿ. ಪ್ಯಾಕ್ ಹಾಕಿಸಿದರಷ್ಟೇ ಸಾಲದು, ಫೋನಿನ ಸೆಟ್ಟಿಂಗಿನಲ್ಲಿ ಡೇಟಾ ರೋಮಿಂಗ್ ಆನ್ ಮಾಡಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲಿರಲಿ, ಚೆಕ್-ಇನ್ ಸೂಟ್‌ಕೇಸಿನಲ್ಲಿ ಹಾಕಲು ಬಿಡುವುದಿಲ್ಲ. ಜೊತೆಗೆ ಒಂದು ಸಣ್ಣ ನೋಟ್‌ಬುಕ್, ಒಂದು ಪೆನ್ನು. ಇವು ಯಾಕೆ ಅನ್ನೋದು ನಾಲ್ಕನೇ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 2: ಯಾವ ಊರಿಗೆ ಯಾವ ಆ್ಯಪ್

ಗೂಗಲ್ ಮ್ಯಾಪ್ಸ್ ಹೆಚ್ಚಿನ ಊರುಗಳಲ್ಲಿ ಸಾಕು. ಅದರ ಜೊತೆಗೆ ಆ ಊರಿನ ಸಾರಿಗೆ ಸಂಸ್ಥೆಯ ಆ್ಯಪ್ ಒಂದಿರಲಿ. ಇವತ್ತು ಯಾವ ಲೈನು ಬಂದ್, ಯಾವ ಲಿಫ್ಟ್ ಕೆಟ್ಟಿದೆ ಅನ್ನೋದು ಅದರಲ್ಲೇ ಮೊದಲು ತಿಳಿಯುತ್ತದೆ. ಲಂಡನ್ನಿಗೆ ಟಿಎಫ್ಎಲ್ ಗೋ, ನ್ಯೂಯಾರ್ಕಿಗೆ ಎಂಟಿಎ, ದುಬೈಗೆ ಆರ್‌ಟಿಎ ಸಂಸ್ಥೆಯ ಸುಹೇಲ್. ದೊಡ್ಡ ನಗರಗಳಲ್ಲಿ ಸಿಟಿಮ್ಯಾಪರ್ ಕೂಡ ಚೆನ್ನಾಗಿದೆ. ರೈಲಿನ ಮುಂದಿನ ಡಬ್ಬಿ ಹತ್ತಬೇಕೋ ಹಿಂದಿನದೋ ಅನ್ನೋದನ್ನೂ ಅದು ಹೇಳುತ್ತದೆ. ಇಳಿದ ಮೇಲೆ ನಡೆಯುವುದು ಕಡಿಮೆಯಾಗುತ್ತದೆ.

ಎರಡು ದೇಶಗಳಲ್ಲಿ ಈ ಲೆಕ್ಕ ಬೇರೆ. ದಕ್ಷಿಣ ಕೊರಿಯಾದಲ್ಲಿ ಜನ ನೇವರ್ ಮ್ಯಾಪ್, ಕಕಾವೋ ಮ್ಯಾಪ್ ಬಳಸುತ್ತಾರೆ. ಚೀನಾದಲ್ಲಿ ಗೂಗಲ್ ನಂಬಿಕೊಂಡು ಹೋಗಬೇಡಿ, ಅಲ್ಲಿ ನಡೆಯುವುದು ಆ್ಯಮ್ಯಾಪ್. ಇವನ್ನೆಲ್ಲ ಇಲ್ಲಿಂದಲೇ ಇಳಿಸಿಕೊಂಡು ಒಮ್ಮೆ ತೆರೆದು ನೋಡಿ. ಅಲ್ಲಿಗೆ ಹೋದ ಮೇಲೆ ಓಟಿಪಿ ಬರಲಿಲ್ಲ ಅಂದರೆ ಕಷ್ಟ.

ಇನ್ನೊಂದು ಮಾತು. ಗೂಗಲ್ ಮ್ಯಾಪ್ಸನ್ನು ಕನ್ನಡದಲ್ಲಿ ಬಳಸುವವರು ಪರದೇಶದಲ್ಲಿ ಇರುವಷ್ಟು ದಿನ ಇಂಗ್ಲಿಷಿಗೆ ಬದಲಿಸಿಕೊಳ್ಳಿ. ಕನ್ನಡದ ಮೇಲಿನ ಅಭಿಮಾನದ ಪ್ರಶ್ನೆ ಅಲ್ಲ ಇದು. ಮೊಬೈಲಿನ ಹೆಸರೂ ಬೋರ್ಡಿನ ಹೆಸರೂ ಒಂದೇ ಅಕ್ಷರದಲ್ಲಿದ್ದರೆ ಓದಲು ಬಾರದಿದ್ದರೂ ಆಕಾರ ನೋಡಿ ಹೊಂದಿಸಬಹುದು.

ಹಂತ 3: ತುಮಕೂರಿನಲ್ಲೇ ಕುಳಿತು ದಾರಿ ತೆಗೆಯಿರಿ

ಮ್ಯಾಪಿನಲ್ಲಿ ಹೋಗಬೇಕಾದ ಜಾಗ ಹಾಕಿ, ಡೈರೆಕ್ಷನ್ಸ್ ಒತ್ತಿ, ರೈಲಿನ ಚಿತ್ರ ಆರಿಸಿ. ಹೊರಡುವ ಜಾಗದಲ್ಲಿ ನಿಮ್ಮ ಈಗಿನ ಜಾಗ ತಾನಾಗಿ ಕೂತಿರುತ್ತದೆ. ಅದನ್ನು ಅಳಿಸಿ ಅಲ್ಲಿ ಉಳಿಯುವ ಮನೆಯ ವಿಳಾಸ ಹಾಕಿ. ಬ್ರಿಟನ್ನಿನಲ್ಲಾದರೆ ಪೋಸ್ಟ್‌ಕೋಡ್ ಹಾಕಿದರೂ ಸಾಕು, ಅದೇ ಬೀದಿಗೆ ಹೋಗುತ್ತದೆ. ನಮ್ಮ 572101ರ ಹಾಗೆ ಅರ್ಧ ಊರಿಗೆ ಒಂದು ನಂಬರಲ್ಲ.

ಆಮೇಲೆ ಸಮಯ. ಇದನ್ನು ಯಾರೂ ಗಮನಿಸುವುದಿಲ್ಲ. ಇಲ್ಲಿ ಬೆಳಗ್ಗೆ 8 ಗಂಟೆಗೆ ನೀವು ಹುಡುಕಿದರೆ ಲಂಡನ್ನಿನಲ್ಲಿ ಚಳಿಗಾಲದಲ್ಲಿ ಬೆಳಗಿನ ಜಾವ 2.30, ಬೇಸಿಗೆಯಲ್ಲಿ 3.30. ಆ ಹೊತ್ತಿಗೆ ವಾರದ ದಿನಗಳಲ್ಲಿ ಮೆಟ್ರೋ ಇರುವುದಿಲ್ಲ, ಮ್ಯಾಪು ರಾತ್ರಿ ಬಸ್ಸು ತೋರಿಸುತ್ತದೆ. "ಅಲ್ಲಿಗೆ ಟ್ರೈನೇ ಇಲ್ವಂತೆ" ಅಂತ ಮಂದಿ ಗಾಬರಿ ಬೀಳುವುದು ಇದರಿಂದಲೇ. ಡಿಪಾರ್ಟ್ ಅಟ್ ಒತ್ತಿ, ಅಲ್ಲಿಯ ತಾರೀಖು ಮತ್ತು ಬೆಳಗ್ಗೆ 10 ಗಂಟೆ ಎಂದು ಹಾಕಿ.

ಮಂಡಿ ನೋವಿರುವವರು ಆಪ್ಷನ್ಸ್ ಒಳಗೆ ಹೋಗಿ ಕಡಿಮೆ ನಡಿಗೆ ಅಥವಾ ವೀಲ್‌ಚೇರ್ ದಾರಿಯನ್ನು ಆರಿಸಿ. ಲಂಡನ್ನಿನ ಹಳೆಯ ಸ್ಟೇಷನ್ನುಗಳಲ್ಲಿ ಲಿಫ್ಟ್ ಇಲ್ಲದವು ಬಹಳ. ಟಿಎಫ್ಎಲ್ ಗೋದಲ್ಲಿ ಸ್ಟೆಪ್-ಫ್ರೀ ಆನ್ ಮಾಡಿದರೆ ಮೆಟ್ಟಿಲಿಲ್ಲದ ದಾರಿಯಷ್ಟೇ ಕಾಣುತ್ತದೆ. 5 ನಿಮಿಷ ಜಾಸ್ತಿ ಹಿಡಿದರೂ ವಯಸ್ಸಾದವರಿಗೆ ಆ ದಾರಿಯೇ ಒಳ್ಳೆಯದು.

ಈಗ ಮುಖ್ಯವಾದ ಎಚ್ಚರಿಕೆ. ಆಫ್‌ಲೈನ್ ಮ್ಯಾಪ್ ಡೌನ್‌ಲೋಡ್ ಮಾಡಿಕೊಂಡಿದ್ದೇನೆ, ನೆಟ್ ಇಲ್ಲದಿದ್ದರೂ ನಡೆಯುತ್ತದೆ ಎಂದು ಕೂರಬೇಡಿ. ಗೂಗಲ್ ಮ್ಯಾಪ್ಸ್ ಆಫ್‌ಲೈನಿನಲ್ಲಿ ಬೀದಿಗಳು ಕಾಣುತ್ತವೆ, ಕಾರಿನ ದಾರಿ ಸಿಗುತ್ತದೆ. ರೈಲಿನ ದಾರಿ ಸಿಗುವುದಿಲ್ಲ. ಆದ್ದರಿಂದ ದಾರಿಯ ಪೂರ್ತಿ ವಿವರ ತೆರೆದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಎಷ್ಟು ಸ್ಟಾಪು ಎಂದಿರುವಲ್ಲಿ ಒತ್ತಿದರೆ ನಡುವಿನ ಸ್ಟೇಷನ್ನುಗಳ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಆ ಪಟ್ಟಿಯದೂ ಒಂದು.

ಹಂತ 4: ಚೀಟಿ ಬರೆಯುವುದು

ಸ್ಕ್ರೀನ್‌ಶಾಟ್ ಇದ್ದ ಮೇಲೆ ಚೀಟಿ ಯಾಕೆ ಅನ್ನಬಹುದು. ರೈಲು ಬಂದು ನಿಂತಾಗ, ಕನ್ನಡಕ ಹುಡುಕಿ, ಫೋನಿನ ಲಾಕ್ ತೆಗೆದು, ಫೋಟೋ ಹುಡುಕುವಷ್ಟರಲ್ಲಿ ಬಾಗಿಲು ಮುಚ್ಚುತ್ತದೆ. ಅಂಗೈಯಲ್ಲಿ ಚೀಟಿ ಇದ್ದರೆ ಒಂದು ಕಣ್ಣು ಹಾಯಿಸಿದರೆ ಸಾಕು. ಸ್ವಂತ ಕೈಯಿಂದ ಬರೆದಾಗ ಅರ್ಧ ದಾರಿ ತಲೆಯಲ್ಲೂ ಕೂರುತ್ತದೆ.

ಬರೆಯಬೇಕಾದದ್ದು ಐದು ಸಂಗತಿ: ಲೈನಿನ ಹೆಸರು ಮತ್ತು ಬಣ್ಣ, ಅದರ ಕೊನೆಯ ಸ್ಟೇಷನ್, ಎಷ್ಟನೇ ಸ್ಟಾಪಿನಲ್ಲಿ ಇಳಿಯಬೇಕು, ಅದಕ್ಕಿಂತ ಒಂದು ಹಿಂದಿನ ಸ್ಟೇಷನ್, ಹೊರಗೆ ಬರುವ ಎಕ್ಸಿಟ್. ನಮ್ಮ ಉದಾಹರಣೆಗೆ ಚೀಟಿ ಹೀಗಿರುತ್ತದೆ:

ವೆಂಬ್ಲಿ ಪಾರ್ಕ್ – ಜುಬಿಲಿ ಲೈನು, ಬೂದು ಬಣ್ಣ – ಸ್ಟ್ರಾಟ್‌ಫರ್ಡ್ ಕಡೆ – 11ನೇ ಸ್ಟಾಪು ಗ್ರೀನ್ ಪಾರ್ಕ್ – ಹಿಂದಿನದು ಬಾಂಡ್ ಸ್ಟ್ರೀಟ್.
ಗ್ರೀನ್ ಪಾರ್ಕ್ – ವಿಕ್ಟೋರಿಯಾ ಲೈನು, ತಿಳಿ ನೀಲಿ – ಬ್ರಿಕ್ಸ್ಟನ್ ಕಡೆ – 3ನೇ ಸ್ಟಾಪು ವಾಕ್ಸ್‌ಹಾಲ್ – ಹಿಂದಿನದು ಪಿಮ್ಲಿಕೊ.
ಎಕ್ಸಿಟ್ – ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಕಡೆ.

ಹಿಂದಿನ ಸ್ಟೇಷನ್ನಿನ ಹೆಸರನ್ನು ಬಿಡಲೇಬೇಡಿ. ಬಾಂಡ್ ಸ್ಟ್ರೀಟ್ ಬಂತು ಅಂದರೆ ಎದ್ದು ಬಾಗಿಲ ಹತ್ತಿರ ಹೋಗಬೇಕು ಎಂದರ್ಥ. ವಾಪಸ್ ಬರುವ ದಾರಿಯನ್ನೂ ಇನ್ನೊಂದು ಬದಿಯಲ್ಲಿ ಬರೆಯಿರಿ. ಸಂಜೆ ಸುಸ್ತಾಗಿರುವಾಗ ಉಲ್ಟಾ ಓದಿಕೊಳ್ಳುತ್ತೇನೆ ಅಂದರೆ ತಪ್ಪುತ್ತದೆ.

ಒಂದೇ ಥರದ ಹೆಸರುಗಳ ಬಗ್ಗೆ ಹುಷಾರು. ಲಂಡನ್ನಿನಲ್ಲಿ ಎಜ್‌ವೇರ್ ರೋಡ್ ಹೆಸರಿನ ಸ್ಟೇಷನ್ನುಗಳೇ ಎರಡಿವೆ, ಎಜ್‌ವೇರ್ ಎಂಬುದು ಇನ್ನೊಂದು ದೂರದ ಊರಂಚು. ನ್ಯೂಯಾರ್ಕಿನಲ್ಲಿ 23ನೇ ಸ್ಟ್ರೀಟ್ ಎಂಬ ಸ್ಟೇಷನ್ ಬೇರೆ ಬೇರೆ ಲೈನುಗಳಲ್ಲಿ ಬೇರೆ ಬೇರೆ ಜಾಗದಲ್ಲಿದೆ. ಸ್ಟೇಷನ್ನಿನ ಜೊತೆ ಲೈನಿನ ಹೆಸರೂ ಇಲ್ಲದ ಚೀಟಿ ಪ್ರಯೋಜನಕ್ಕಿಲ್ಲ.

ಹಂತ 5: ಬೆಂಗಳೂರಿನಲ್ಲಿ ಒಮ್ಮೆ ಅಭ್ಯಾಸ

ಹೋಗುವ ಮೊದಲು ಒಂದು ದಿನ ಇದಕ್ಕೆ ಇಡಿ. ತುಮಕೂರಿನವರು ಬೆಂಗಳೂರು ಬಸ್ಸು ಹತ್ತಿ ಮಾದಾವರದಲ್ಲೋ ನಾಗಸಂದ್ರದಲ್ಲೋ ಇಳಿಯಿರಿ. ಬಸ್ಸು ಅಲ್ಲಿ ನಿಲ್ಲುತ್ತದೆಯೇ ಎಂದು ಕಂಡಕ್ಟರನ್ನು ಮೊದಲೇ ಕೇಳಿ. ರೇಷ್ಮೆ ಸಂಸ್ಥೆ ಕಡೆಯ ಹಸಿರು ಲೈನು ಹಿಡಿದು ಮೆಜೆಸ್ಟಿಕ್. ಅಲ್ಲಿ ವೈಟ್‌ಫೀಲ್ಡ್ ಕಡೆಯ ನೇರಳೆ ಲೈನಿಗೆ ಬದಲಿಸಿ, 3ನೇ ಸ್ಟಾಪು ಕಬ್ಬನ್ ಪಾರ್ಕ್. ಕೋಲಾರದವರು ರೈಲಿನಲ್ಲಿ ಬಂದು ವೈಟ್‌ಫೀಲ್ಡ್‌ನಲ್ಲಿ ಇಳಿದರೆ ಪಕ್ಕದಲ್ಲೇ ವೈಟ್‌ಫೀಲ್ಡ್ (ಕಾಡುಗೋಡಿ) ಮೆಟ್ರೋ. ಅವರು ಮೆಜೆಸ್ಟಿಕ್ಕಿಗೆ ಬಂದು ಹಸಿರು ಲೈನಿಗೆ ಬದಲಿಸಿ ನೋಡಲಿ. ಚಿಕ್ಕಬಳ್ಳಾಪುರದವರು ಬಸ್ಸಿನಲ್ಲಿ ನೇರ ಮೆಜೆಸ್ಟಿಕ್ಕಿಗೇ ಬಂದು ಶುರು ಮಾಡಬಹುದು.

ಚೀಟಿ ಬರೆದುಕೊಂಡು, ಗೇಟಿನೊಳಗೆ ಹೋದ ಮೇಲೆ ಫೋನನ್ನು ಜೇಬಿನಿಂದ ತೆಗೆಯದೆ, ಯಾರನ್ನೂ ಕೇಳದೆ ಬೋರ್ಡು ನೋಡಿಕೊಂಡೇ ಹೋಗಿ. ಮಗನೋ ಸೊಸೆಯೋ ಜೊತೆಗಿದ್ದರೆ ಅವರು ನಾಲ್ಕು ಹೆಜ್ಜೆ ಹಿಂದೆ ಬರಲಿ, ಬಾಯಿ ಬಿಡಬಾರದು. ಇಲ್ಲಿ ಕನ್ನಡದ ಬೋರ್ಡು, ಕನ್ನಡದ ಅನೌನ್ಸ್‌ಮೆಂಟ್ ಇರುವುದರಿಂದ ತಪ್ಪಿದರೂ ಭಯವಿಲ್ಲ.

ಹಂತ 6: ಗೇಟು

ಗೇಟಿಗೆ ಹೋಗುವ ಮೊದಲು ಗೋಡೆ ಪಕ್ಕ ನಿಂತು ಚೀಟಿ ಓದಿ, ಕಾರ್ಡು ಕೈಗೆ ತೆಗೆದುಕೊಳ್ಳಿ. ಪರ್ಸನ್ನೇ ಯಂತ್ರಕ್ಕೆ ಒತ್ತಬೇಡಿ, ಒಳಗಿರುವ ಬೇರೆ ಕಾರ್ಡನ್ನು ಅದು ಓದಿಬಿಡಬಹುದು.

ಲಂಡನ್, ಸಿಂಗಾಪುರ, ದುಬೈಗಳಲ್ಲಿ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಕಾರ್ಡು ತೋರಿಸಬೇಕು. ದುಬೈಯಲ್ಲಿ ಅದಕ್ಕೆ ಅಲ್ಲಿಯ ಪ್ರಯಾಣದ ಕಾರ್ಡಾದ ನೋಲ್ ಕಾರ್ಡು ತೆಗೆದುಕೊಳ್ಳಿ. ಲಂಡನ್ನಿನಲ್ಲಿ ಗೇಟು ತೆರೆದೇ ಇದ್ದರೂ ಮರೆಯದೆ ತೋರಿಸಿ. ಇಲ್ಲದಿದ್ದರೆ ಪ್ರಯಾಣ ಮುಗಿದಿಲ್ಲ ಎಂದು ಗರಿಷ್ಠ ದರ ಹಾಕುತ್ತಾರೆ. ನ್ಯೂಯಾರ್ಕಿನಲ್ಲಿ ಒಳಗೆ ಹೋಗುವಾಗ ಮಾತ್ರ. ಬರ್ಲಿನ್, ಮ್ಯೂನಿಕ್‌ಗಳಲ್ಲಿ ಗೇಟೇ ಇರುವುದಿಲ್ಲ. ಹಾಗೆಂದು ಸುಮ್ನೆ ಹತ್ತಿದರೆ ತಪಾಸಣೆಯಲ್ಲಿ 60 ಯೂರೋ ದಂಡ. ಅಲ್ಲಿ ಕಾಗದದ ಟಿಕೆಟ್ ಕೊಂಡರೆ ಸಣ್ಣ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಳ್ಳಬೇಕು.

ಹಂತ 7: ಸರಿಯಾದ ಪ್ಲಾಟ್‌ಫಾರಂ

ಜನ ಹೆಚ್ಚು ಸೋಲುವುದು ಇಲ್ಲಿಯೇ. ನಿಧಾನವಾಗಿ ಓದಿ.

ಮೊದಲು ಬಣ್ಣ ಮತ್ತು ಲೈನಿನ ಹೆಸರು ಎರಡನ್ನೂ ನೋಡಿ. ವೆಂಬ್ಲಿ ಪಾರ್ಕಿನಲ್ಲಿ ಜುಬಿಲಿ ಲೈನಿನ ಜೊತೆ ಮೆಟ್ರೊಪಾಲಿಟನ್ ಲೈನೂ ಇದೆ. ಎರಡೂ ಪೇಟೆಯ ಕಡೆಗೇ ಹೋಗುತ್ತವೆ. ಯಾವುದು ಮೊದಲು ಬಂತೋ ಅದಕ್ಕೆ ಹತ್ತಿದರೆ ಗ್ರೀನ್ ಪಾರ್ಕ್ ಬರುವುದೇ ಇಲ್ಲ.

ಆಮೇಲೆ ದಿಕ್ಕು. ಲಂಡನ್ ಬೋರ್ಡುಗಳಲ್ಲಿ ನಾರ್ತ್‌ಬೌಂಡ್, ಸೌತ್‌ಬೌಂಡ್ ಎಂದಿರುತ್ತದೆ. ನೆಲದ ಕೆಳಗೆ ನಿಂತವರಿಗೆ ದಕ್ಷಿಣ ಯಾವ ಕಡೆ ಅಂತ ಹೇಗೆ ಗೊತ್ತಾಗಬೇಕು? ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಪ್ಲಾಟ್‌ಫಾರಂಗೆ ಹೋಗುವ ದಾರಿಯ ಗೋಡೆಯ ಮೇಲೆ ಮುಂದೆ ಬರುವ ಸ್ಟೇಷನ್ನುಗಳ ಪಟ್ಟಿ ಇರುತ್ತದೆ. ನಿಮ್ಮ ಸ್ಟೇಷನ್ ಅದರಲ್ಲಿದ್ದರೆ ಆ ಕಡೆ ಹೋಗಿ, ಇಲ್ಲದಿದ್ದರೆ ಎದುರು ಕಡೆ. ಪ್ಯಾರಿಸ್ಸಿನಲ್ಲಿ ದಿಕ್ಕಿಗೆ ಕೊನೆಯ ಸ್ಟೇಷನ್ನಿನ ಹೆಸರನ್ನೇ ಬರೆದಿರುತ್ತಾರೆ. ನ್ಯೂಯಾರ್ಕಿನಲ್ಲಿ ಅಪ್‌ಟೌನ್ (ಉತ್ತರದ ಕಡೆ), ಡೌನ್‌ಟೌನ್ (ದಕ್ಷಿಣದ ಕಡೆ). ಅಲ್ಲಿ ಕೆಲವು ಸ್ಟೇಷನ್ನುಗಳಲ್ಲಿ ಈ ಎರಡಕ್ಕೂ ರಸ್ತೆಯ ಎರಡು ಬದಿಯಲ್ಲಿ ಬೇರೆ ಬೇರೆ ಮೆಟ್ಟಿಲು. ಕಾರ್ಡು ತೋರಿಸುವ ಮೊದಲೇ ಮೆಟ್ಟಿಲ ಮೇಲಿನ ಬೋರ್ಡು ಓದಬೇಕು.

ಟೋಕಿಯೋದಲ್ಲಿ ಒಂದು ಒಳ್ಳೆಯ ಅನುಕೂಲ ಇದೆ. ಪ್ರತಿ ಸ್ಟೇಷನ್ನಿಗೂ ಅಕ್ಷರ ಮತ್ತು ನಂಬರು. ಗಿಂಜಾ ಲೈನಿನಲ್ಲಿ ಗಿಂಜಾ ಸ್ಟೇಷನ್ ಜಿ 09, ಉಯೆನೊ ಜಿ 16. ಗಿಂಜಾದಿಂದ ಉಯೆನೊಗೆ ಹೋಗುವವರಿಗೆ ಮುಂದಿನ ಸ್ಟೇಷನ್ ಜಿ 10 ಆಗಬೇಕು. ಜಿ 08 ಬಂದರೆ ಉಲ್ಟಾ ಹೋಗುತ್ತಿದ್ದೀರಿ. ಸಿಂಗಾಪುರದಲ್ಲೂ ಹೀಗೇ ಇದೆ. ಇಂಥ ಊರುಗಳಿಗೆ ಚೀಟಿಯಲ್ಲಿ ಹೆಸರಿಗಿಂತ ನಂಬರೇ ದೊಡ್ಡದಾಗಿರಲಿ.

ಕೊನೆಗೆ, ರೈಲಿನ ಹಣೆಯ ಮೇಲಿನ ಹೆಸರು. ಜುಬಿಲಿ ಲೈನಿನಲ್ಲಿ ಸ್ಟ್ರಾಟ್‌ಫರ್ಡ್ ಬದಲು ನಾರ್ತ್ ಗ್ರೆನಿಚ್ ಎಂದು ಕಂಡರೆ ಗಾಬರಿ ಬೇಡ. ಅದು ಸ್ಟ್ರಾಟ್‌ಫರ್ಡ್ ತನಕ ಹೋಗದೆ ಮೊದಲೇ ನಿಲ್ಲುವ ರೈಲು. ಗ್ರೀನ್ ಪಾರ್ಕ್ ಅದಕ್ಕಿಂತ ಮುಂಚೆಯೇ ಬರುತ್ತದೆ, ಹತ್ತಿ. ವಾಪಸ್ ಬರುವಾಗ ವಿಲ್ಸ್‌ಡನ್ ಗ್ರೀನ್ ಎಂದಿರುವ ರೈಲು ಸಿಕ್ಕರೆ ಅದು ವೆಂಬ್ಲಿ ಪಾರ್ಕ್ ತನಕ ಬರುವುದಿಲ್ಲ. ಅಲ್ಲಿಳಿದು ಹಿಂದೆ ಬರುವ ಸ್ಟ್ಯಾನ್‌ಮೋರ್ ರೈಲು ಹತ್ತಬೇಕು, ಅಥವಾ ಮೊದಲೇ ಅದಕ್ಕೆ ಕಾಯಬೇಕು.

ದುಬೈಯಲ್ಲಿ ಇನ್ನೊಂದು ನೋಡಬೇಕು: ಡಬ್ಬಿ. ಗೋಲ್ಡ್ ಡಬ್ಬಿಗೆ ಬೇರೆ ದರ, ಹೆಂಗಸರು ಮಕ್ಕಳ ಜಾಗ ಬೇರೆ. ತಪ್ಪು ಡಬ್ಬಿಯಲ್ಲಿ ಸಿಕ್ಕಿಬಿದ್ದರೆ 100 ದಿರ್ಹಮ್ ದಂಡ. ಗಂಡಸರು ಅವಸರದಲ್ಲಿ ಹೆಂಗಸರ ಕಡೆ ನುಗ್ಗಬೇಡಿ.

ಹಂತ 8: ರೈಲಿನ ಒಳಗೆ ಗಮನಿಸಬೇಕಾದ ಲಕ್ಷಣ

ಹತ್ತಿದ ಕೂಡಲೇ ಬಾಗಿಲ ಮೇಲಿನ ನಕ್ಷೆ ನೋಡಿ. ಮೊದಲ ಸ್ಟೇಷನ್ ಬಂದಾಗ ಹೆಸರು ಸರಿ ಇದೆಯೇ ನೋಡಿ. ಈ ಒಂದು ಪರೀಕ್ಷೆ ಮಾಡಿದವರು ದೂರ ದಾರಿ ತಪ್ಪುವುದಿಲ್ಲ. ನಮ್ಮ ಉದಾಹರಣೆಯಲ್ಲಿ ವೆಂಬ್ಲಿ ಪಾರ್ಕ್ ಆದ ಮೇಲೆ ನೀಸ್‌ಡನ್ ಬರಬೇಕು.

ರೈಲು ನಿಲ್ಲದೆ ಸ್ಟೇಷನ್ನುಗಳನ್ನು ದಾಟಿಕೊಂಡು ಹೋಗುತ್ತಿದ್ದರೆ ಅದು ಎಕ್ಸ್‌ಪ್ರೆಸ್. ನ್ಯೂಯಾರ್ಕಿನಲ್ಲಿ ಎ ರೈಲು ಮ್ಯಾನ್‌ಹಟನ್ನಿನಲ್ಲಿ ಹಗಲು ಎಕ್ಸ್‌ಪ್ರೆಸ್, ಅದೇ ದಾರಿಯ ಸಿ ರೈಲು ಎಲ್ಲ ಕಡೆ ನಿಲ್ಲುತ್ತದೆ. ಎಲ್ಲರೂ ಒಟ್ಟಿಗೆ ಎದ್ದು ಇಳಿಯುತ್ತಿದ್ದರೆ ನೀವೂ ಇಳಿಯಿರಿ, ರೈಲು ಅಲ್ಲಿಗೇ ಕೊನೆ. ನೀಲಿ ಚುಕ್ಕಿ ಎಲ್ಲೋ ಹಾರಿ ಕೂತಿದ್ದರೆ ನಂಬಬೇಡಿ, ಸುರಂಗದಲ್ಲಿ ಜಿಪಿಎಸ್ ಸಿಗುವುದಿಲ್ಲ. ಶನಿವಾರ ಭಾನುವಾರ ಲಂಡನ್, ನ್ಯೂಯಾರ್ಕ್ ಎರಡರಲ್ಲೂ ರಿಪೇರಿ ಕೆಲಸಕ್ಕೆಂದು ಲೈನು ಮುಚ್ಚುವುದುಂಟು. ವಾರದ ದಿನ ಬರೆದ ಚೀಟಿಯನ್ನು ಭಾನುವಾರ ಬಳಸುವ ಮೊದಲು ಆ್ಯಪಿನಲ್ಲಿ ಮತ್ತೆ ನೋಡಿ.

ಹಂತ 9: ತಪ್ಪು ರೈಲು ಹತ್ತಿದರೆ

ಗೇಟಿನಿಂದ ಹೊರಗೆ ಹೋಗಬೇಡಿ. ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಎದುರಿನ ಪ್ಲಾಟ್‌ಫಾರಂಗೆ ಹೋಗಿ ವಾಪಸ್ ಬನ್ನಿ. ನ್ಯೂಯಾರ್ಕಿನ ಸಣ್ಣ ಸ್ಟೇಷನ್ನುಗಳಲ್ಲಿ ಎದುರು ಬದಿಗೆ ಒಳದಾರಿ ಇಲ್ಲದೆ ಹೊರಗೆ ಹೋಗಿ ಮತ್ತೆ ದುಡ್ಡು ಕಟ್ಟಬೇಕಾದೀತು. ಅಲ್ಲಿ ಎಕ್ಸ್‌ಪ್ರೆಸ್ ನಿಲ್ಲುವ ದೊಡ್ಡ ಸ್ಟೇಷನ್ ಬರುವವರೆಗೆ ಕೂತಿರುವುದೇ ವಾಸಿ.

ಜೊತೆಯವರಿಂದ ಬೇರೆಯಾದರೆ ಏನು ಮಾಡಬೇಕು ಎಂಬುದನ್ನು ಮನೆಯಲ್ಲೇ ಮಾತಾಡಿಕೊಳ್ಳಿ. ರೈಲಿನಲ್ಲಿ ಹೋದವರು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಅಲ್ಲೇ ಕೂರಬೇಕು. ಹಿಂದೆ ಉಳಿದವರು ಅದೇ ಲೈನಿನ ಮುಂದಿನ ರೈಲಿನಲ್ಲಿ ಅಲ್ಲಿಗೆ ಬರಬೇಕು. ಇಬ್ಬರೂ ಹುಡುಕಾಡಲು ಹೊರಟರೆ ಸಿಗುವುದಿಲ್ಲ. ವಾಟ್ಸ್ಆ್ಯಪ್ ಲೈವ್ ಲೊಕೇಶನ್ ಸುರಂಗದೊಳಗೆ ಹಳೆಯ ಜಾಗವನ್ನೇ ತೋರಿಸುತ್ತಾ ಇರುತ್ತದೆ, ಅದರ ಬೆನ್ನು ಹತ್ತಬೇಡಿ.

ಹಂತ 10: ಬದಲಿಸುವುದು, ಹೊರಗೆ ಬರುವುದು

ಗ್ರೀನ್ ಪಾರ್ಕಿನಲ್ಲಿ ಇಳಿದ ಮೇಲೆ ವೇ ಔಟ್ ಎಂಬ ಬೋರ್ಡಿನ ಹಿಂದೆ ಹೋಗಬೇಡಿ, ಅದು ಹೊರಗೆ ಕರೆದೊಯ್ಯುತ್ತದೆ. ವಿಕ್ಟೋರಿಯಾ ಲೈನ್ ಎಂಬ ತಿಳಿ ನೀಲಿ ಬೋರ್ಡನ್ನೇ ಹಿಡಿದು ಹೋಗಿ. ಒಳಗೆ ಬಹಳ ದೂರ ನಡೆಯಬೇಕಾಗುತ್ತದೆ. ದಾರಿ ತಪ್ಪಿತೇನೋ ಎಂದು ಅನುಮಾನ ಬರುತ್ತದೆ. ಬೋರ್ಡು ಕಾಣುತ್ತಿರುವ ತನಕ ನಡೆಯುತ್ತಲೇ ಇರಿ.

ಹೊರಗೆ ಬರುವಾಗ ಎಕ್ಸಿಟ್ ಮುಖ್ಯ. ಟೋಕಿಯೋದಂಥ ಊರಿನಲ್ಲಿ ದೊಡ್ಡ ಸ್ಟೇಷನ್ನಿನ ತಪ್ಪು ಎಕ್ಸಿಟ್‌ನಿಂದ ಹೊರಬಿದ್ದರೆ ಹೋಗಬೇಕಾದ ಕಟ್ಟಡದಿಂದ ಬಹಳ ದೂರ ಸಿಕ್ಕಿಬೀಳುತ್ತೀರಿ. ಮ್ಯಾಪಿನಲ್ಲಿ ಎ1, ಬಿ3 ಎಂದು ತೋರಿಸಿರುತ್ತದೆ, ಚೀಟಿಯಲ್ಲಿ ಬರೆದಿರಬೇಕು. ಜಪಾನಿ ಅಕ್ಷರದ ಬೋರ್ಡು ಓದಲು ಗೂಗಲ್ ಟ್ರಾನ್ಸ್‌ಲೇಟ್ ಕ್ಯಾಮೆರಾ ಹಿಡಿಯಿರಿ. ಜಪಾನಿ ಭಾಷೆಯನ್ನು ಊರಲ್ಲೇ ಡೌನ್‌ಲೋಡ್ ಮಾಡಿಟ್ಟಿದ್ದರೆ ನೆಟ್ ಇಲ್ಲದೆಯೂ ನಡೆಯುತ್ತದೆ.

ಮೇಲೆ ಬಂದ ಮೇಲೆ ಮತ್ತೆ ಮೊಬೈಲಿನ ಸರದಿ. ಜನರ ದಾರಿಗೆ ಅಡ್ಡ ನಿಲ್ಲದೆ ಪಕ್ಕಕ್ಕೆ ಬನ್ನಿ, ಜಿಪಿಎಸ್ ಹಿಡಿಯಲು ಸ್ವಲ್ಪ ಹೊತ್ತು ಕೊಡಿ. ನೀಲಿ ಚುಕ್ಕಿಯ ಮುಂದಿನ ಬೆಳಕು ಅಗಲವಾಗಿದ್ದರೆ ಫೋನಿಗೆ ದಿಕ್ಕು ಗೊತ್ತಾಗಿಲ್ಲ ಎಂದರ್ಥ. ಗಾಳಿಯಲ್ಲಿ ಇಂಗ್ಲಿಷ್ ಎಂಟರ ಆಕಾರ ಬರೆಯುವಂತೆ ಫೋನನ್ನು ತಿರುಗಿಸಿ. ಅದೂ ಆಗದಿದ್ದರೆ 20 ಹೆಜ್ಜೆ ನಡೆಯಿರಿ. ಚುಕ್ಕಿ ಗೆರೆಯ ಮೇಲೆ ಹೋದರೆ ಸರಿ, ಗೆರೆ ಬಿಟ್ಟು ಹೋದರೆ ಹಿಂದಕ್ಕೆ ತಿರುಗಿ. ವಾಕ್ಸ್‌ಹಾಲಿನಿಂದ ಹೊರಟವರು ನದಿಯನ್ನು ಎಡಗಡೆ ಇಟ್ಟುಕೊಂಡು ಲ್ಯಾಂಬೆತ್ ಸೇತುವೆಯ ಕಡೆ ನಡೆದರೆ ಸಾಕು.

ಫೋನ್ ಪೂರ್ತಿ ಆಫ್ ಆದರೂ ಚೀಟಿಯ ಹಿಂದೆ ಮನೆಯ ವಿಳಾಸ, ಹತ್ತಿರದ ಸ್ಟೇಷನ್, ಮಗನ ಅಥವಾ ಮಗಳ ನಂಬರು ಇದ್ದರೆ ತೊಂದರೆ ಇಲ್ಲ. ಗೇಟಿನ ಹತ್ತಿರ ಸಮವಸ್ತ್ರದಲ್ಲಿರುವ ಸಿಬ್ಬಂದಿಗೆ ಚೀಟಿ ತೋರಿಸಿ. ವಿಳಾಸವನ್ನು ಇಂಗ್ಲಿಷಿನಲ್ಲಿ ಬರೆದಿರಿ. ಟೋಕಿಯೋ, ಸೋಲ್‌ಗಳಿಗೆ ಹೋಗುವವರು ಆ ದೇಶದ ಅಕ್ಷರದಲ್ಲೂ ಮಕ್ಕಳ ಕೈಯಲ್ಲಿ ಬರೆಸಿ ತರಿಸಿಕೊಳ್ಳಿ.